ಗಾಯಬಳ್ಳಿಯ ಬೇರು

ಮೇ ೮, ಸೋಮವಾರ, ನಿಲಂಗಾ

ಕಾಲೇಜಿನವರು ಮಾತು ಕೊಟ್ಟದ್ದು: ಬಳ್ಳಿಯ ಪರೀಕ್ಷೆಯಲ್ಲಿ ಏನೇ ಬಂದರೂ ನಿಮ್ಮ ಹಟ್ಟಿಗೆ ಬಂದು ಕನ್ನಡದಲ್ಲಿ ತಿಳಿಸಿ ಹೇಳುತ್ತೇವೆ. ಲೇಖನ ಅಚ್ಚಾಗುವಾಗ ಕಾಸಾರಶಿರಸಿಯ ಕುರಿಗಾರರ ಹೆಸರು ಹಾಕುತ್ತೇವೆ. ಯಾವ ಕಂಪನಿಯ ಜೊತೆ ಮಾತಾಡುವುದಿದ್ದರೂ ಮೊದಲು ನಿಮ್ಮನ್ನು ಕೇಳುತ್ತೇವೆ. ಔಷಧ ತೋರಿಸಿಕೊಟ್ಟ ಮಲಕಮ್ಮನನ್ನು ಕಾಲೇಜಿಗೆ ಕರೆಸಿ ಶಾಲು ಹೊದಿಸುತ್ತೇವೆ.

ನಿರಾಕರಿಸಿದ್ದು: ಬಂದು ಹೇಳುವುದು. ಹೆಸರು. ಕೇಳುವುದು. ಶಾಲನ್ನು ನಾವೇ ಬೇಡ ಅನ್ನುತ್ತಿದ್ದೆವು, ಆ ಭಾಗ್ಯವನ್ನೂ ಕೊಡಲಿಲ್ಲ.

ಇದನ್ನು ಇವತ್ತು ಬಸ್ ಸ್ಟ್ಯಾಂಡಿನ ಎದುರಿನ ನಮ್ಮ ಸಂಘದ ಕೋಣೆಯಲ್ಲಿ ಪತ್ರಕರ್ತರಿಗೆ ಮರಾಠಿಯಲ್ಲಿ ಓದಿದೆ. ಕುರಿಗಾರರ ಹಕ್ಕಿನ ಸಂಘದ ಪರವಾಗಿ, ಸಾರಿಕಾ ಬಕ್ಕಪ್ಪ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮರಾಠಿಯಲ್ಲಿ ನನಗೆ ವಾದ ಬರುತ್ತದೆ. ಸಿಟ್ಟು ಪೂರ್ತಿ ಇಳಿಯುವುದು ಕನ್ನಡದಲ್ಲೇ.

ಕಳೆದ ದೀಪಾವಳಿಯ ಹೊತ್ತಿಗೆ ಉದಗೀರದ ಔಷಧಶಾಸ್ತ್ರ ಕಾಲೇಜಿನ ನೀಲಕಂಠ ಸರ್, ತಮ್ಮ ಕೈಕೆಳಗೆ ಸಂಶೋಧನೆ ಮಾಡುವ ಪ್ರಣಿತಾ ಎಂಬ ಹುಡುಗಿಯನ್ನು ಕರೆದುಕೊಂಡು ನಮ್ಮ ಹಟ್ಟಿಗೆ ಬಂದಿದ್ದರು. ಕುರಿಗೆ ತೋಳ ಬಾಯಿ ಹಾಕಲಿ, ಬೇಲಿಯ ತಂತಿ ಸೀಳಲಿ, ನಮ್ಮವರು ಕಟ್ಟುವುದು ಗಾಯಬಳ್ಳಿ. ಸೊಂಟ ಬಗ್ಗದ ಆ ಸರ್ ನಮ್ಮ ಕಂಬಳಿಯ ಮೇಲೆ ಕೂತು, ಅಂಬಲಿ ಕುಡಿದು, ಕೈ ಮುಗಿದು ಕೇಳಿದರು. ನನ್ನ ಅವ್ವ ಮಲಕಮ್ಮ ಬಳ್ಳಿಯ ಬೇರನ್ನು ಅಗೆದು ಕೈಗೆ ಕೊಟ್ಟಳು. ತೆಗೆದುಕೊಂಡು ಹೋದರು. ಹೋದವರು ಹೋದರು. ಕಾಡು ಕಾಯುವವರು ನಾವು, ಕಾಗದದ ಮೇಲೆ ಹೆಸರು ಅವರದು. ಇದು ಹಳೆಯ ಕಳ್ಳತನ, ಬಿಳಿ ಕೋಟು ಮಾತ್ರ ಹೊಸದು.

ಒಬ್ಬ ಪತ್ರಕರ್ತ ಕೇಳಿದ: ನಿಮ್ಮ ಔಷಧ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಸಾಕ್ಷಿ ಏನು? ನಾನು ಎದ್ದು ನಿಂತು, “ನನ್ನ ಅವ್ವನ ಕಾಲೇ ಸಾಕ್ಷಿ” ಅಂದೆ. ಚಪ್ಪಾಳೆ ಬಿತ್ತು.

ಅವ್ವನ ಎಡಗಾಲಿನ ಹೆಬ್ಬೆರಳಿನಲ್ಲಿ ಸಂಕ್ರಾಂತಿಯಿಂದ ಗಾಯ. ಸಕ್ಕರೆ ಕಾಯಿಲೆ. ಅದಕ್ಕೇ ಹಟ್ಟಿಯಿಂದ ಇಲ್ಲಿ ನನ್ನ ಬಾಡಿಗೆ ಮನೆಗೆ ಕರೆತಂದಿದ್ದೇನೆ. ದಿನಾ ಬಳ್ಳಿ ಅರೆದು ನನ್ನ ಕೈಯಾರೆ ಕಟ್ಟುತ್ತೇನೆ. ಮಾಯುತ್ತಿದೆ. ಮಾಯುತ್ತಿದೆ ಅಂತಲೇ ತಿಳಿದಿದ್ದೇನೆ.

ಮೇ ೧೦, ಬುಧವಾರ

ಪತ್ರಿಕೆಯಲ್ಲಿ ಬಂತು. ‘ಆಜೀಬಾಯಿಚಾ ಬಟವಾ’ ಅಂತ ತಲೆಬರಹ. ಅಜ್ಜಿಯ ಸಂಚಿ! ನಾವು ಹಕ್ಕು ಕೇಳಿದರೆ ಇವರಿಗೆ ಅಜ್ಜಿ ಕಂಡಳು. ಸಂಘದ ಕಾರ್ಯದರ್ಶಿ ಭರತ ಮಾತ್ರ ಖುಷಿಯಾಗಿದ್ದಾನೆ, ಎರಡು ಕಾಲಂ ಬಂದಿದೆಯಂತೆ.

ಅವ್ವನಿಗೆ ಹೇಳಿದೆ. “ಪೇಪರಿನಾಗ ನಿನ್ನ ಹೆಸರು ಬಂದದ ಅವ್ವಾ.”

“ಕಾಲಿಂದು ಬಂದದೇನು?”

“ಅದೂ ಬಂದದ.”

“ಹಂಗಾರ ಓದಿ ಹೇಳು. ಮಾಯ್ದದೋ ಇಲ್ಲೋ ನನಗೂ ಗೊತ್ತಾಗಲಿ.”

ಕಣ್ಣಿಗೆ ಪೊರೆ ಬಂದಿದೆ, ಕಾಲಿಗೆ ಸ್ಪರ್ಶವಿಲ್ಲ. ತನ್ನ ಗಾಯ ತನಗೆ ಕಾಣದು, ನೋಯದು. ನಾನು ಹೇಳಿದಷ್ಟೇ ಅವಳ ಗಾಯ.

ಮೇ ೧೩, ಶನಿವಾರ, ಉದಗೀರದಿಂದ ಬರುವ ಬಸ್ಸಿನಲ್ಲಿ

ವಾಸನೆ ಬಂತು. ಪಕ್ಕದ ಮನೆಯವರು ಕೇಳಿದ ಮೇಲೆ ನನಗೂ ಬಂತು.

ಅವ್ವನನ್ನು ಉದಗೀರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಮಂಗಲಾ, ನನ್ನ ವಯಸ್ಸಿನವಳೇ. ಪಟ್ಟಿ ಬಿಚ್ಚಿ ಬೆರಳು ಒತ್ತಿದಳು, ಬಣ್ಣ ಬರಲಿಲ್ಲ. ಪಾದದ ಕೀಲಿನ ಹತ್ತಿರ ಒಂದು ಯಂತ್ರ ಇಟ್ಟು ರಕ್ತದ ಸದ್ದು ಕೇಳಿದಳು. ಅದರೊಳಗಿಂದ ದೂರದಲ್ಲಿ ಯಾರೋ ಗಾಳಿಗೆ ಮಾತಾಡಿದ ಹಾಗೆ ಬರುತ್ತಿತ್ತು.

“ಏನ್ ಕಟ್ಟಲತ್ತೀರಿ ಇದಕ್ಕ?”

“ನಮ್ಮ ಔಷಧ.”

“ಬಿಡ್ರಿ ಅದನ್ನ. ಎರಡು ಬೆರಳು ಈಗ ತಗದ್ರ ಪಾದ ಉಳೀಬಹುದು. ತಡಾ ಮಾಡಿದ್ರ ಮೊಣಕಾಲಿನ ಕೆಳಗ ಕೊಯ್ಬೇಕಾಗ್ತದ.”

ನಾನು ಭಾಷಣ ಮಾಡಿಬಿಟ್ಟೆ. ನಿಮ್ಮ ವೈದ್ಯಶಾಸ್ತ್ರ ಹುಟ್ಟುವ ಮೊದಲೇ ನಮ್ಮ ಔಷಧ ಇತ್ತು, ಕೊಯ್ಯುವುದೊಂದೇ ನಿಮಗೆ ಗೊತ್ತಿರುವುದು, ಇತ್ಯಾದಿ. ಅವಳು ಕೈ ತೊಳೆಯುತ್ತ ಪೂರ್ತಿ ಕೇಳಿದಳು. ಆಮೇಲೆ “ಮುಗೀತೇನ್ರಿ? ಈಗ ಅಮ್ಮನ್ನ ಕೇಳೋಣು” ಅಂದಳು.

ಅವ್ವನಿಗೆ ಬೆರಳು ಹೋಗುವ ಭಯವಿಲ್ಲ. ಅವಳದು ಬೇರೆಯೇ ಹಟ. “ಕಾಲೇಜಿನವ್ರು ಇನ್ನೊಮ್ಮಿ ಬರಲಿ. ಅವರಿಗಿ ಒಂದು ಮಾತು ಮುಟ್ಟಿಸೋದದ. ಆಮ್ಯಾಲ ಎಲ್ಲಿ ಬೇಕಲ್ಲಿ ಕೊಯ್ರಿ.”

“ಏನು ಮಾತು?” ಅಂದೆ.

“ನಿನಗಲ್ಲ.”

“ಬರದೆ ಎಲ್ಲಿ ಹೋಗ್ತಾರ? ಎಳಕೊಂಡು ಬರ್ತೀನಿ ನಾ.”

“ಎಳಕೊಂಡು ಬಂದ್ರ ಅದು ಬಂದಂಗಲ್ಲ.”

ಇದರ ಅರ್ಥ ನನಗೆ ಆಗಲಿಲ್ಲ. ಆದರೂ ಬೇಡಿಕೆ ಸ್ಪಷ್ಟ: ಅವರು ಬರಬೇಕು. ಡಾಕ್ಟರು ಬರೆದುಕೊಟ್ಟ ಮಾತ್ರೆ, ಇಂಜೆಕ್ಷನ್ ತಂದಿದ್ದೇನೆ. ಒಂದು ಕಾಲು ಕಾಯುತ್ತಿದೆ, ಕಾಲೇಜು ಕೂತಿದೆ. ಇದನ್ನೇ ಘೋಷಣೆ ಮಾಡಬಹುದು.

ಮೇ ೧೬, ಮಂಗಳವಾರ

ಬರೆಯುವುದು ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ.

ಕಾಲೇಜಿಗೆ ಹೋದೆ. ನೀಲಕಂಠ ಸರ್ ಎದ್ದು ನಿಂತು ಕುರ್ಚಿ ಕೊಟ್ಟರು. ಮರ್ಯಾದೆಗೆ ಕೊರತೆ ಇಲ್ಲ. “ಪ್ರಕಟಣೆ ಆಗೋತನ ಏನೂ ಹೇಳೋಹಂಗಿಲ್ಲ ಸಾರಿಕಾಬಾಯಿ. ನಿಯಮ ಅದ.”

“ಹಟ್ಟಿಯೊಳಗ ಕೂತು ಮಾತು ಕೊಟ್ಟಾಗ ನಿಯಮ ಎಲ್ಲಿತ್ತರಿ?”

“ವ್ಯಾಳ್ಯಾ ಬಂದಾಗ ಬರ್ತೀವಿ.”

“ನಮ್ಮ ಅವ್ವನ ಕಾಲಿಗೆ ವ್ಯಾಳ್ಯಾ ಇಲ್ಲ!”

ಪಾಠ ಇದೆ ಅಂತ ಎದ್ದುಹೋದರು. ನಾನು ಮೆಟ್ಟಿಲಿಳಿಯುತ್ತಿದ್ದೆ. ಹಿಂದಿನಿಂದ ಪ್ರಣಿತಾ ಓಡಿಬಂದಳು. “ಅಕ್ಕಾ, ಹಿಂಗ ಬರ್ರಿ.”

ಈ ಹುಡುಗಿ ಮುರುಮ್ ಊರಿನ ಧಾನ್ಯದ ವ್ಯಾಪಾರಿಯ ಮಗಳು. ಕೊರಳಲ್ಲಿ ಲಿಂಗದ ಕರಡಿಗೆ. ನಮ್ಮ ಕುರಿ ಅವರ ಅಂಗಡಿಯ ಮುಂದೆ ಹಾದರೆ ಕೋಲು ಹಿಡಿದು ಬರುವ ಜನ ಅದು. ನನ್ನನ್ನು ಒಂದು ಸಣ್ಣ ಕೋಣೆಗೆ ಕರೆದುಕೊಂಡು ಹೋಗಿ, ಕಾವು ಕೊಡುವ ಪೆಟ್ಟಿಗೆ ತೆರೆದಳು. ಒಳಗೆ ಸಾಲಾಗಿ ಕೋಳಿಮೊಟ್ಟೆ.

“ಲಿಂಗ ಕಟ್ಟಿದಕಿ ತತ್ತಿ ಮುಟ್ಟತೀ?” ಅಂದೆ. ಚುಚ್ಚಬೇಕೆಂದೇ ಅಂದೆ.

“ಮುಟ್ಟತೀನ್ರಿ. ಉಮರ್ಗಾ ಕಡಿಂದ ನಾನೇ ತೊಡಿ ಮ್ಯಾಲ ಇಟ್ಕೊಂಡು ಬಸ್ಸಿನಾಗ ತರ್ತೀನಿ. ನಮ್ಮ ಆಯಿಗೆ ಗೊತ್ತಾದ್ರ ಮನಿಗಿ ಸೇರ್ಸಂಗಿಲ್ಲ. ಆಯಿ ನಮ್ಮ ಮನಿ ಹಿರಿಯಾಕಿ, ಸರಸ್ವತಿಬಾಯಿ ಅಂದ್ರ ಮುರುಮಿನಾಗ ಸ್ವಾಮಿಗೋಳೂ ಅಂಜತಾರ. ‘ಏನ್ ಕಲೀಲತ್ತೀ’ ಅಂತ ಕೇಳಿದ್ರ ‘ಕಾಗದದ ಕೆಲಸ ಆಯಿ’ ಅಂತೀನಿ. ಸುಳ್ಳಲ್ಲರಿ, ತತ್ತಿ ಒಳಗ ಕಾಗದಾನೇ ಇಡ್ತೀವಿ.”

ನಗು ಬಂತು. ತಡೆದುಕೊಂಡೆ. ವರ್ಗಶತ್ರುವಿನ ಜೋಕಿಗೆ ನಗಬಾರದು.

ಮೊಟ್ಟೆಯ ಚಿಪ್ಪಿನಲ್ಲಿ ಒಂದು ಸಣ್ಣ ಕಿಟಕಿ ಕೊರೆದು ಪಾರದರ್ಶಕ ಪಟ್ಟಿ ಅಂಟಿಸಿದ್ದರು. ಅವಳು ಅದನ್ನು ಬಿಡಿಸಿ, ಭೂತಗನ್ನಡಿ ನನ್ನ ಕೈಗೆ ಕೊಟ್ಟಳು. ಒಳಗೆ ಕೆಂಪು ಎಳೆಗಳು. ಮಗ್ಗದ ಮೇಲೆ ಹಾಸು ಎಳೆದಂತೆ. ದಪ್ಪ ಎಳೆಯಿಂದ ಸಣ್ಣದು, ಸಣ್ಣದರಿಂದ ಕೂದಲಿನಂಥದು. ನಡುವೆ ಒಂದು ಚುಕ್ಕೆ ಮಿಡಿಯುತ್ತಿತ್ತು. ಜೀವ ಇಷ್ಟು ಬೆತ್ತಲಾಗಿ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಆಮೇಲೆ ಇನ್ನೊಂದು ಮೊಟ್ಟೆ. ಅದರೊಳಗೆ ಒಂದು ಚೂರು ಕಾಗದದ ಬಿಲ್ಲೆ. ಬಿಲ್ಲೆಯ ಸುತ್ತ ಏನೂ ಇಲ್ಲ. ಎಳೆಗಳು ಅಲ್ಲಿಯವರೆಗೆ ಬಂದು ನಿಂತುಬಿಟ್ಟಿದ್ದವು, ಊರ ಗಡಿಯಲ್ಲಿ ನಮ್ಮನ್ನು ತಡೆದು ನಿಲ್ಲಿಸುವ ಹಾಗೆ.

“ಇದು ಏನು?”

“ನಿಮ್ಮ ಬಳ್ಳಿದ ಸತ್ವ ಹಚ್ಚಿದ ಕಾಗದ.”

“ಎಳಿ ಎಲ್ಲಿ ಅವ ಮತ್ತ?”

“ಹುಟ್ಟಲಿಲ್ಲರಿ ಅಕ್ಕಾ. ಹೊಸ ರಕ್ತನಾಳ ಹುಟ್ಟೋದನ್ನ ಇದು ತಡೀತದ. ತಿರುತಿರುಗಿ ಮಾಡಿ ನೋಡೀನಿ.”

“ಗಾಯ ಮಾಯಬೇಕಂದ್ರ?”

ಅವಳು ನೆಲ ನೋಡಿದಳು. “ಹೊಸ ರಕ್ತನಾಳ ಬೇಕ್ರಿ.”

ನಾನು ಭೂತಗನ್ನಡಿ ಕೆಳಗಿಟ್ಟೆ. ಅವಳೇ ಮುಂದುವರಿಸಿದಳು. ಗಡ್ಡೆ ಬೆಳೆಯಲಿಕ್ಕೂ ರಕ್ತನಾಳ ಬೇಕಂತೆ. ಅದನ್ನು ತಡೆಯುವ ವಸ್ತು ಅಂದರೆ ಕ್ಯಾನ್ಸರ್ ಔಷಧದ ದಾರಿಯಂತೆ. ಸರ್ ಬಹಳ ಖುಷಿಯಾಗಿದ್ದಾರಂತೆ. ಹೊರಗಿನವರು ಕೇಳತೊಡಗಿದ್ದಾರಂತೆ. ಅದಕ್ಕೇ ಬಾಯಿ ಮುಚ್ಚಿದ್ದಾರೆ.

ಬಸ್ಸು ಬರುವ ತನಕ ಕಂಬಕ್ಕೆ ಒರಗಿ ನಿಂತಿದ್ದೆ. ಸಿಟ್ಟು ಬರಬೇಕಿತ್ತು. ಯಾರ ಮೇಲೆ ಅನ್ನುವುದೇ ಹೊಳೆಯಲಿಲ್ಲ.

ಮೇ ೧೭, ಬುಧವಾರ

ಅವಳು ಹೇಳಿದ್ದು ನಿಜವಾದರೆ ನಮ್ಮ ಬಳ್ಳಿ ದೊಡ್ಡದು, ಜಗತ್ತೇ ಕೇಳುವಂಥದು, ಕದಿಯುವಂಥದು. ನಮ್ಮ ಹೋರಾಟ ಸಾವಿರ ಸಲ ಸರಿ. ಆದರೆ ಅದೇ ಬಳ್ಳಿಯನ್ನು ನಾನು ಅವ್ವನ ಕಾಲಿಗೆ ಕಟ್ಟುತ್ತಿದ್ದೇನೆ.

ಸುಳ್ಳಾದರೆ ಅವ್ವನ ಕಾಲಿಗೆ ನನ್ನಿಂದ ಏನೂ ಆಗಿಲ್ಲ. ಆದರೆ ಬಳ್ಳಿ ಬರೀ ಸೊಪ್ಪು. ಯಾವುದಕ್ಕೆ ಧರಣಿ?

ಒಂದು ಬೇಕು, ಇನ್ನೊಂದು ಬೇಡ. ಎರಡೂ ಒಂದೇ.

ಇಲ್ಲ, ಇದು ಹುನ್ನಾರವೂ ಇರಬಹುದು. ನಮ್ಮ ಔಷಧವನ್ನು ವಿಷ ಅಂತ ಹೇಳಿ ನಮ್ಮ ಕೈಯಿಂದ ಬಿಡಿಸಿ, ಆಮೇಲೆ ಅವರೇ ಶೀಶೆಗೆ ತುಂಬಿ ಮಾರುವುದು. ಇಂಥದ್ದನ್ನು ಶಿಬಿರಗಳಲ್ಲಿ ಎಷ್ಟು ಸಲ ಕಲಿತಿಲ್ಲ, ಕಲಿಸಿಲ್ಲ! ಆದರೆ ಆ ಹುಡುಗಿ ನೆಲ ನೋಡಿದಳಲ್ಲ. ಹುನ್ನಾರ ಮಾಡುವವರು ಕಣ್ಣಿಗೆ ಕಣ್ಣಿಟ್ಟು ಮಾತಾಡುತ್ತಾರೆ. ಹಾಗಂತ ಯಾರು ಹೇಳಿದರು? ನಾನೇ.

ಅವ್ವ ಕೇಳಿದಳು, “ಕಾಲೇಜಿನಾಗ ಏನಂದ್ರು?”

“ಬರ್ತಾರಂತ.”

ಮೇ ೧೮, ಗುರುವಾರ

ಕಟ್ಟಿದೆ. ಬಿಚ್ಚಿದೆ. ಮತ್ತೆ ಕಟ್ಟಿದೆ.

ಮೇ ೨೧, ರವಿವಾರ

ಭರತನಿಗೆ ಎಲ್ಲ ಹೇಳಿದೆ. ಅವನು ಕುರ್ಚಿಯಿಂದ ಜಿಗಿದ. “ಸಾರಿಕಾತಾಯಿ, ಇದು ಲಾಟರಿ ಹತ್ತಿದಂಗ! ಅಜ್ಜಿ ಸಂಚಿ ಅಂದ್ರಲ್ಲ, ಈಗ ಬರೀಲಿ ಮಕ್ಕಳು. ಕುರಿಗಾರರ ಕ್ಯಾನ್ಸರ್ ಔಷಧ! ಇಪ್ಪತ್ತೊಂಬತ್ತಕ್ಕ ಕಾಲೇಜಿನ ಗೇಟಿನಾಗ ಧರಣಿ ಇಡೋಣು. ನಾಲ್ಕೂ ತಾಲೂಕಿನವ್ರು ಬರ್ತಾರ.”

“ಅವ್ವನ ಕಾಲು?”

“ಅದನ್ನ ಸದ್ಯಾಕ ಬಾಜೂಕ ಇಡು.”

“ಬಾಜೂಕ ಇಡ್ಲಿಕ್ಕ ಅದೇನು ಚಪ್ಪಲಿ ಅಂತ ಮಾಡೀಯೇನು?”

“ಹಂಗಲ್ಲ ತಾಯಿ. ಒಂದ್ ಕಾಲು ದೊಡ್ಡದೋ, ಸಮಾಜ ದೊಡ್ಡದೋ?”

ಈ ಪ್ರಶ್ನೆಯನ್ನು ನಾನೇ ಎಷ್ಟೋ ಜನಕ್ಕೆ ಕೇಳಿದ್ದೇನೆ. ಮಗುವಿಗೆ ಜ್ವರ ಅಂತ ಮೆರವಣಿಗೆಗೆ ಬರದ ಹೆಂಗಸರಿಗೆ. ಗಂಡನ ಊರಿಗೆ ಹೋಗಬೇಕು ಅಂದವರಿಗೆ. ಉತ್ತರ ಯಾವಾಗಲೂ ಸುಲಭ ಇರುತ್ತಿತ್ತು.

ಧರಣಿಯಲ್ಲಿ ಹಂಚುವ ಪತ್ರಕದ ಕರಡು ಬರೆಯಲು ಕೂತೆ. ‘ನಮ್ಮ ಬಳ್ಳಿ’ ಅಂತ ಬರೆದು ನಿಲ್ಲಿಸಿದೆ. ನಮ್ಮ ಬಳ್ಳಿ ಏನು ಮಾಡುತ್ತದೆ? ಮುಂದಿನ ಪದ ಬರಲಿಲ್ಲ.

ಅವ್ವನ ಎರಡನೇ ಬೆರಳೂ ಕಪ್ಪಾಗಿದೆ.

ಮೇ ೨೩, ಮಂಗಳವಾರ

ಪ್ರಣಿತಾ ಬಂದಿದ್ದಳು. ಯಾರಿಗೂ ಹೇಳದೆ, ಉದಗೀರದಿಂದ ಬಸ್ಸು ಹತ್ತಿ, ಓಣಿಯಲ್ಲಿ ನಾಲ್ಕು ಮನೆ ಕೇಳಿಕೊಂಡು. ನಾನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಬೇಕೆಂದಿದ್ದೆ. ಒಳಗಿನಿಂದ ಅವ್ವ ಕೂಗಿದಳು, “ಯಾರು?”

“ಪ್ರಣಿತಾರಿ ಅಮ್ಮಾ. ದೀಪಾವಳಿಗಿ ಹಟ್ಟಿಗಿ ಬಂದಿದ್ದೆ.”

“ಯಾರು ಕಳಿಸಿದ್ರು?”

“ಯಾರೂ ಕಳಿಸಿಲ್ಲರಿ.”

“ನನ್ನ ಮಗಳು ಎಳಕೊಂಡು ಬಂದಳೇನು?”

“ಇಲ್ಲರಿ. ಅಕ್ಕಗ ಗೊತ್ತೇ ಇಲ್ಲ. ಸರ್‌ಗೂ ಗೊತ್ತಿಲ್ಲ. ಹೇಳ್ತೀವಿ ಅಂದಿದ್ವಿ, ಹೇಳಲಿಲ್ಲ. ಊಟ ಹೋಗಲತ್ತಿಲ್ಲ ನನಗ.”

ಅವ್ವನ ಮುಖ ಬಿಚ್ಚಿಕೊಂಡಿತು. ಹಾಸಿಗೆಯ ಮೇಲೆ ಜಾಗ ಮಾಡಿ ಕೂರಿಸಿಕೊಂಡಳು. ಪ್ರಣಿತಾ ಮೊಟ್ಟೆ, ಕಿಟಕಿ, ಕೆಂಪು ಎಳೆ, ಕಾಗದ, ಎಲ್ಲ ಹೇಳಿದಳು. ಮುರುಮಿನ ಕನ್ನಡದಲ್ಲಿ, ಒಂದು ಇಂಗ್ಲಿಷ್ ಪದ ಬಂದರೆ ನಾಲಿಗೆ ಕಚ್ಚಿಕೊಂಡು. ಅವ್ವ ತಲೆಯಾಡಿಸುತ್ತ ಕೇಳಿದಳು.

“ಆಗ್ತದ,” ಅಂದಳು. “ಬೇರು ಅದು. ಬೇರು ಒಣಗಿಸ್ತದ. ಕುರಿ ಕೊರಳಿಗಿ ಗಂಟು ಎದ್ರ ಕಟ್ತೀವಿ. ಒಮ್ಮೊಮ್ಮಿ ಗಂಟು ಒಣಗ್ತದ, ಒಮ್ಮೊಮ್ಮಿ ಕುರೀನೇ ಒಣಗ್ತದ. ಗಾಯಕ್ಕ ಕಟ್ಟೋದು ಎಲಿ.”

ಪ್ರಣಿತಾ ಮುಂದಕ್ಕೆ ಬಾಗಿದಳು. “ಮತ್ತ ನಮಗ ಬೇರು ಯಾಕ ಕೊಟ್ರಿ ಅಮ್ಮಾ?”

“ಮೊದಲ ಸಲ ಕೇಳಿದವ್ರಿಗಿ ಬೇರು. ತಾವಾಗಿ ತಿರುಗಿ ಬಂದವ್ರಿಗಿ ಎಲಿ. ನಮ್ಮ ದೇವ್ರು ಬೀರಪ್ಪ ಹಾಕಿದ ಕಟ್ಟಳಿ ಅದು. ನಮ್ಮತ್ತಿ ನನಗೂ ಹಂಗೇ ಮಾಡ್ಯಾಳ. ಬೇರು ಕೊಟ್ಟು ಎಲಿ ಮಾತು ಮುಟ್ಟಿಸದೆ ಸತ್ರ ಆ ಋಣ ಕೊಟ್ಟವರ ಮ್ಯಾಲ ಉಳೀತದ. ಕೊಯ್ಯೋ ಮಂಚದ ಮ್ಯಾಲ ಜೀವ ಹೋದ್ರ ಏನ್ ಮಾಡ್ಲಿ? ಅದಕ್ಕ ನಿಮ್ಮ ದಾರಿ ಕಾದೆ.”

ಕೇಳಬಾರದು ಅನ್ನಿಸಿತು, ಕೇಳಿದೆ. “ಅವ್ವಾ, ನನಗ ತೋರಿಸಿದ್ದು ಯಾವುದು?”

“ನೀ ಯಾವಾಗ ಕೇಳಿದಿ?”

“ಹೋದ ವರ್ಷ. ಸಂಘದ ಪತ್ರಕಕ್ಕ.”

“ಪತ್ರಕಕ್ಕ ಕೇಳಿದಿ. ಹೊರಗಿನಕಿ ಬೇಲಿ ಹಾರ್ಕೊಂಡು ಬಂದು ಕೇಳಿದಂಗ ಕೇಳಿದಿ. ಬೇರು ತೋರಿಸಿದೆ.” ಪೊರೆ ಬಂದ ಕಣ್ಣು ನನ್ನ ಕಡೆ ತಿರುಗಿತು. “ಯಾಕ? ರೇವಣ್ಯಾ ಎಲಿ ಕಳಿಸಿದ್ದನಲ್ಲ? ಅದನ್ನ ಅರೀಲತ್ತೀ ಅಲ್ಲೇನು?”

ನನ್ನ ತಮ್ಮ ರೇವಣಸಿದ್ಧ ಸಂಕ್ರಾಂತಿಯಾದ ಮೇಲೆ ಹಟ್ಟಿಯಿಂದ ಒಂದು ಚೀಲ ಕಳಿಸಿದ್ದ. ಪತ್ರಕರ್ತರಿಗೆ ತೋರಿಸಲು ಬೇರು ಬೇಕು ಅಂತ ನಾನೇ ಫೋನು ಮಾಡಿದ್ದೆ. ಚೀಲದಲ್ಲಿ ಬೇರು ಇತ್ತು. ಬೇರಿನ ಸುತ್ತ ಒಣಗಿದ ಸೊಪ್ಪು ಇತ್ತು. ಬೇರು ಮುರಿಯದಿರಲೆಂದು ಸೊಪ್ಪು ತುಂಬಿದ್ದಾನೆ ಅಂದುಕೊಂಡೆ. ಬೇರು ಎತ್ತಿಟ್ಟುಕೊಂಡೆ. ಸೊಪ್ಪನ್ನು ಪಕ್ಕದ ಮನೆಯ ಆಡಿಗೆ ಹಾಕಿದೆ.

ಹೇಳಿದೆ. ಹೀಗೇ, ಒಂದೊಂದೇ ಮಾತು.

ಅವ್ವ ಕಾಲಿನ ಪಟ್ಟಿಯನ್ನು ಒಮ್ಮೆ ಸವರಿದಳು. ಆಮೇಲೆ, “ಆಡು ಹ್ಯಾಂಗದ?” ಅಂದಳು.

“ಚಲೋ ಅದ.”

“ಇರಬೇಕು.”

ಅವಳೇ ನಕ್ಕಳು. ಹೊಟ್ಟೆ ಕುಣಿಯುವ ಹಾಗೆ ನಕ್ಕಳು. ನಾವಿಬ್ಬರೂ ನಗಲಿಲ್ಲ. ಕುರುಬರ ಮನೆಯಲ್ಲಿ ಹುಟ್ಟಿ, ಕುರುಬರ ಜ್ಞಾನ ಅಂತ ಊರೂರು ಒದರಿ, ಬೇರು ಯಾವುದಕ್ಕೆ ಎಲೆ ಯಾವುದಕ್ಕೆ ಗೊತ್ತಿಲ್ಲದ ಮಗಳು.

ಪ್ರಣಿತಾಳನ್ನು ಬಾಗಿಲ ಹೊರಗೆ ಹಿಡಿದುಕೊಂಡೆ. “ಖರೇ ಹೇಳು. ನನ್ನಿಂದ ಆಯಿತೇನು?”

“ಬೇರಿನಿಂದನೇ ಹಿಂಗಾತು ಅಂತ ನಾ ಹೇಳೋಹಂಗಿಲ್ಲ ಅಕ್ಕಾ. ಕಾಲು ತಿನ್ನಲಿಕ್ಕ ಶುಗರ್ ಒಂದೇ ಸಾಕು. ಬೇರಿನಿಂದ ಆಗೇ ಇಲ್ಲ ಅಂತನೂ ಹೇಳೋಹಂಗಿಲ್ಲ. ನಾವು ಸ್ಪಿರಿಟ್ಟಿನಾಗ ಸತ್ವ ತಗೀತೀವಿ, ನೀವು ನೀರಿನಾಗ ಅರೀತೀರಿ. ತತ್ತಿ ಬ್ಯಾರೆ, ಕಾಲು ಬ್ಯಾರೆ.”

“ಎಲಿ? ಎಲಿ ಕಟ್ಟಿದ್ರ ಮಾಯ್ತಿತ್ತೇನು?”

“ಎಲಿ ನಾ ನೋಡೇ ಇಲ್ಲಲ್ಲರಿ.”

“ಈಗ ಕಟ್ಲೇನು?”

“ಬ್ಯಾಡ್ರಿ. ನನ್ನ ತತ್ತಿ ಕಾಯ್ತಾವ, ಆ ಬೆರಳು ಕಾಯಂಗಿಲ್ಲ. ಡಾಕ್ಟರ ಕಡೆ ನಡೀರಿ.”

ಇಬ್ಬರೂ ಒಳಗೆ ಹೋದಾಗ ಅವ್ವ ಪ್ರಣಿತಾಳ ತಲೆ ಮುಟ್ಟಿ ಹೇಳಿದಳು, “ಮಳಿ ಬಿದ್ದು ಬಳ್ಳಿ ಚಿಗುರಿದ ಮ್ಯಾಲ ಹಟ್ಟಿಗಿ ಬಾ. ರೇವಣ್ಯಾ ಎಲಿ ತೋರಿಸ್ತಾನ. ನನ್ನ ಮಾತು ಮುಟ್ಟಿತು.” ಆಮೇಲೆ ನನಗೆ: “ನಡಿ, ಈಗ ಕೊಯ್ಸು.”

ನಾನು ಮಾತು ತಪ್ಪಿದವರ ಪಟ್ಟಿ ಓದಿದೆ. ಅವ್ವ ತಿರುಗಿ ಬರುವವರ ದಾರಿ ಕಾದಳು. ಅಷ್ಟರಲ್ಲಿ ಆ ಪಾದದಲ್ಲಿ ಏನು ನಡೆಯಿತು, ಯಾರು ನಡೆಸಿದರು? ಬರೆದಷ್ಟೂ ಕಲಸುತ್ತಿದೆ.

ಮೇ ೨೪, ಬುಧವಾರ

ಬೇರಿನ ಚೀಲ ಹೊರಗೆ ಹಾಕಿದೆ. ಅರೆಯುವ ಕಲ್ಲು ತೊಳೆದೆ. ಮತ್ತೆ ತೊಳೆದೆ.

ಮೇ ೨೬, ಶುಕ್ರವಾರ, ಉದಗೀರ

ಎರಡು ಬೆರಳು ತೆಗೆದರು. ಅವ್ವನಿಗೆ ಎಚ್ಚರವಿದೆ. “ಎಲ್ಲಿಟ್ರು?” ಅಂತ ಕೇಳಿದಳು. ಆಸ್ಪತ್ರೆಯವರು ಇಟ್ಟಿರುತ್ತಾರೆ ಅಂದೆ. “ಹುಗೀಲಿಕ್ಕ ಹೇಳು. ನಾಯಿ ಪಾಲು ಮಾಡಬ್ಯಾಡ್ರಿ.” ಹೋಗಿ ಹೇಳಿಬಂದೆ. ವಾದ ಮಾಡಲಿಲ್ಲ, ಕೈ ಮುಗಿದೆ. ಅವರು ಆಗಲಿ ಅಂದರು.

ಡಾಕ್ಟರ್ ಮಂಗಲಾ ಹೇಳಿದ್ದು: ಕೊಯ್ದ ಅಂಚಿನಲ್ಲಿ ಹೊಸ ರಕ್ತ ಕಾಣಬೇಕು. ಕಂಡರೆ ಪಾದ ಉಳಿಯುತ್ತದೆ. ಕಾಣದಿದ್ದರೆ ಇನ್ನೂ ಮೇಲೆ ಕೊಯ್ಯಬೇಕು.

“ನಾ ಬೇರು ಕಟ್ಟಿದ್ದೆ. ಎಲಿ ಕಟ್ಟಬೇಕಿತ್ತು,” ಅಂದೆ.

“ನನಗ ಎರಡೂ ಗೊತ್ತಿಲ್ಲರಿ,” ಅಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ಬೈಯಬಹುದಿತ್ತು.

ಮೇ ೨೯, ಸೋಮವಾರ, ಉದಗೀರ

ಧರಣಿ ಆಯಿತು. ನಾನು ಹೋಗಲಿಲ್ಲ. ಹೋಗಬಾರದು ಅಂತ ತೀರ್ಮಾನ ಮಾಡಿದ್ದಲ್ಲ. ಅವ್ವನಿಗೆ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಹಾಕುತ್ತಿದ್ದೆ, ಹೊತ್ತು ಹೋಯಿತು.

ಭರತ ನೇರ ಅಲ್ಲಿಂದಲೇ ಬಂದ. ಹೆಗಲ ಮೇಲೆ ಸಂಘದ ಹಳದಿ ಬಾವುಟ, ಧ್ವನಿ ಕೂತಿತ್ತು. “ಜನ ಕಿಕ್ಕಿರಿದಿದ್ರು ತಾಯಿ. ನಿನ್ನ ಭಾಷಣ ಇಲ್ಲದ್ದಕ್ಕ ಉಪ್ಪಿಲ್ಲದ ಸಾರಾಯ್ತು. ಸರ್ ಗೇಟಿಗೇ ಬರಲಿಲ್ಲ.” ಆಮೇಲೆ ಅವ್ವನ ಪಟ್ಟಿ ಕಟ್ಟಿದ ಕಾಲು ನೋಡಿ ಮೊಬೈಲ್ ತೆಗೆದ. “ಒಂದು ಫೋಟೋ ತಗೊಳ್ಳೇನು? ಕಾಲೇಜಿನವ್ರ ಮೋಸಕ್ಕ ಬಲಿಯಾದ ಕಾಲು, ಅಂತ ಹಾಕೋಣು.”

“ಒಳಗ ಇಡು ಅದನ್ನ.”

ಹೊರಗೆ ಕರೆದುಕೊಂಡು ಹೋಗಿ ಹೇಳಿದೆ. ಬೇರು, ಎಲೆ, ಆಡು.

ಅವನು ತಲೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ. “ಯಾರಿಗೂ ಹೇಳಬ್ಯಾಡ. ನಿನ್ನ ಕಾಲಿಗಿ ಬೀಳ್ತೀನಿ. ಸಂಘದ ಲೀಡರ್‌ಗೇ ಔಷಧ ಗೊತ್ತಿಲ್ಲಂತ ಪೇಪರಿನವ್ರು ತಿಂದು ಹಾಕ್ತಾರ. ಕುರುಬರೇ ಸುಳ್ಳು ಬೇರು ಕೊಟ್ರಂತ ಕಾಲೇಜಿನವ್ರು ಕುಣೀತಾರ.”

“ಏನ್ ಬಂದ್ರೂ ಬಂದು ಹೇಳ್ತೀವಿ ಅಂತ ಅವ್ರು ಅಂದದ್ದು ಸುಳ್ಳೇನು?”

“ಅದು ಖರೇ.”

“ಅವ್ವನ ಕಾಲೇ ಸಾಕ್ಷಿ ಅಂತ ನಾ ಅಂದದ್ದು?”

ಭರತ ಬಾವುಟ ಮಡಚತೊಡಗಿದ.

“ಎರಡೂ ಹೇಳೋಣು.”

“ಎರಡೂ ಒಮ್ಮೇ ಹೇಳಿದ್ರ ಯಾರು ಚಪ್ಪಾಳಿ ಹೊಡೀತಾರ ತಾಯಿ?”

ನಮ್ಮ ಬೇಡಿಕೆ ಸರಿ. ನಮ್ಮ ಸಾಕ್ಷಿ ತಪ್ಪು. ಎರಡನ್ನೂ ಒಂದೇ ಉಸಿರಿನಲ್ಲಿ ಕೂಗುವ ಘೋಷಣೆಯನ್ನು ಯಾವ ಶಿಬಿರದಲ್ಲೂ ಕಲಿಸಲಿಲ್ಲ. ಪ್ರಾಸ ಕೂಡುತ್ತಿಲ್ಲ.

ಮೇ ೩೧, ಬುಧವಾರ, ಉದಗೀರ

ಪಟ್ಟಿ ಬಿಚ್ಚಿದರು. ಹೊರಗೆ ಹೋಗಿರಿ ಅಂದರು, ಹೋಗಲಿಲ್ಲ. ಡಾಕ್ಟರು ಹತ್ತಿಯಿಂದ ಅಂಚನ್ನು ಮೆಲ್ಲಗೆ ಒರೆಸಿದಳು. ಒಂದು ಚುಕ್ಕೆ ಎದ್ದಿತು. ಇನ್ನೊಂದು. ಕೆಂಪು, ತಾಜಾ. ಹೆಬ್ಬೆರಳು ಇದ್ದ ಕಡೆ ಉದ್ದಕ್ಕೂ ಸಣ್ಣ ಸಣ್ಣ ಕೆಂಪು ಕಾಳು. “ಚಲೋ ಆತು!” ಅಂದಳು ಅವಳು. ರಕ್ತ ಬಂತೆಂದು ಖುಷಿಪಡುವ ಮನುಷ್ಯರನ್ನು ಮೊದಲ ಸಲ ನೋಡಿದೆ. ನನ್ನ ಭಾಷಣಗಳಲ್ಲಿ ರಕ್ತ ಎಷ್ಟು ಸಲ ಹರಿದಿದೆ. ಇಷ್ಟೇ ಇಷ್ಟು, ಸಾಸಿವೆಯಷ್ಟು ರಕ್ತಕ್ಕೆ ಕಣ್ಣಲ್ಲಿ ನೀರು ಬಂತು.

ಇನ್ನೊಂದು ಕಡೆ ಇನ್ನೂ ಬಿಳಿ. ಒರೆಸಿದರೂ ಏನೂ ಬರಲಿಲ್ಲ.

“ಯಾಕ ಒಂದು ಕಡಿ ಬಂದು ಒಂದು ಕಡಿ ಬರಲಿಲ್ಲ?”

“ಗೊತ್ತಿಲ್ಲರಿ. ರವಿವಾರ ಮತ್ತ ಬಿಚ್ಚಿ ನೋಡ್ತೀನಿ. ಅವತ್ತು ಬಿಳಿದು ಕೆಂಪಾಗಿದ್ರ ಪಾದ ನಿಮ್ಮದು. ಇಲ್ಲಂದ್ರ ಮ್ಯಾಲ ಕೊಯ್ಯೋ ಮಾತು ಮಾಡಬೇಕಾಗ್ತದ.”

ಅವ್ವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅರ್ಧ ಕೆಂಪು, ಅರ್ಧ ಬಿಳಿ.

“ಹಿಂಗ ಹೇಳಬೇಕು,” ಅಂದಳು. “ಇಷ್ಟ ದಿನ ಪೇಪರಿನಂಗ ಹೇಳ್ತಿದ್ದಿ.”

ಭರತನಿಗೆ ಫೋನು ಮಾಡಿದೆ. ರವಿವಾರದ ಸಂಘದ ಸಭೆ ನಿಲಂಗಾದಲ್ಲಿ ಬೇಡ, ಇಲ್ಲಿಗೇ ಬನ್ನಿ ಅಂದೆ. ಬಹಳ ಹೊತ್ತು ಕೂಗಾಡಿದ. ಕೊನೆಗೆ, “ಪೇಪರಿನವ್ರನ್ನ ಕರೀಬೇಕೇನು?” ಅಂದ. ಅಜ್ಜಿಯ ಸಂಚಿ ಅಂತ ಬರೆದವನನ್ನೇ ಕರೆ ಅಂದೆ, ಅವನಿಗೆ ಸಾಕ್ಷಿ ಬೇಕಿತ್ತಲ್ಲ. ಪ್ರಣಿತಾ ಬರುತ್ತಾಳೆ. ನೀಲಕಂಠ ಸರ್‌ಗೆ ಅವಳು ಎಲ್ಲವನ್ನೂ ಹೇಳಿದ್ದಾಳಂತೆ. ಅವರು ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಹುಡುಗರನ್ನು ಕಳಿಸಿ ಮನೆಯಿಂದಲೇ ಹಿಡಿದು ತರಿಸಲೇ ಅಂತ ಭರತ ಕೇಳಿದ. ಬೇಡ ಅಂದೆ. ಬೇಡಿಕೆ ಬಿಟ್ಟಿಲ್ಲ. ಆದರೂ ಬೇಡ ಅಂದೆ. ಯಾಕೋ ತಿಳಿಯದು.

ಮೊದಲು ಪಟ್ಟಿ ಬಿಚ್ಚುವುದು. ಆಮೇಲೆ ನಾನು ಮಾತಾಡುವುದು: ನಾನು ಕಟ್ಟಿದ್ದು ಬೇರು. ಆಮೇಲೆ ಅವರು ಕೊಟ್ಟ ಮಾತುಗಳನ್ನು ಇನ್ನೊಮ್ಮೆ ಓದುವುದು, ಒಂದನ್ನೂ ಬಿಡದೆ.

ಸಭೆ: ಜೂನ್ ೪, ರವಿವಾರ, ಬೆಳಿಗ್ಗೆ ಹತ್ತು ಗಂಟೆ. ಉದಗೀರ, ಅವ್ವನ ಮಂಚದ ಎದುರು.